ಬೀರಣ್ಣನ ಬ್ಯಾಟರಿ

ಬೀರಣ್ಣನಷ್ಟು ಹಟಮಾರಿಯನ್ನು ಮೋರಟಗಿಯ ಸುತ್ತಮುತ್ತ ನಾನು ಕಂಡಿಲ್ಲ. ಕುರಿ ಕಾಯುವವರಿಗೆ ತಾಳ್ಮೆ ಹೆಚ್ಚು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಕುರಿಗಳ ಮುಂದೆ ಅವನಿಗೆ ತಾಳ್ಮೆಯಿತ್ತು, ನಿಜ. ಮನುಷ್ಯರ ಮುಂದೆ ಮಾತ್ರ ತಾನು ಹೇಳಿದ್ದೇ ಆಗಬೇಕು. ಆ ಹಟಕ್ಕೆ ಒಂದೇ ಒಂದು ಲಗಾಮಿತ್ತು. ಅದು ಅವನ ಹೆಂಡತಿ ರೇವವ್ವ. ಆಕೆ ಹೇಗೆ ಹೋದಳು, ಆಕೆ ಹೋದ ಮೇಲೆ ಅವನು ಏನು ಮಾಡಿದ ಎಂಬುದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ನಾನು ವಿಜಯಶ್ರೀ, ಮೋರಟಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮಪ್ಪ ಮಲ್ಲಣ್ಣ ಕೂಲಿ ಮಾಡಿ ಕಲ್ಲು ಆರಿಸಿ ಹದಗೊಳಿಸಿದ ಸ್ವಲ್ಪ ಹೊಲವಿದೆ. ಮುಂಗಾರಿನ ಸಜ್ಜೆ ತೆಗೆದು ಹೊಲ ಬಯಲಾದಾಗ ಪ್ರತಿ ವರ್ಷ ಬೀರಣ್ಣನ ಕುರಿಗಳು ಬಂದು ಅಲ್ಲಿ ಮಲಗುತ್ತವೆ. ಅವುಗಳ ಗೊಬ್ಬರ ನಮಗೆ, ನಮ್ಮ ಜೋಳ ಅವರಿಗೆ. ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಇದು. ದೀಪಾವಳಿ ಮುಗಿಯುತ್ತಲೇ ಅವರು ಇಲ್ಲಿಂದ ಎದ್ದು, ಕಾಲುವೆ ನೀರಿನ ಹಸಿರು ಹುಡುಕಿಕೊಂಡು ನಿಡಗುಂದಿಯ ಕಡೆ ನಡೆಯುತ್ತಾರೆ.

ಆ ನಡಿಗೆಗೊಂದು ಕ್ರಮವಿತ್ತು. ಬಿಸಿಲೇರುವ ಮುಂಚೆ ದಾರಿ ಸಾಗಬೇಕೆಂದು ನಸುಕಿನಲ್ಲೇ ಏಳುವುದು. ಮುಂದೆ ಕೈಯಲ್ಲಿ ಬ್ಯಾಟರಿ ಹಿಡಿದು ಬೀರಣ್ಣ. ನಡುವೆ ಕುರಿಗಳು, ಅವುಗಳ ಬದಿಯಲ್ಲಿ ಅವನ ತಮ್ಮ ಮಾಳಿಂಗ. ಎಲ್ಲರಿಗಿಂತ ಹಿಂದೆ ಕುದುರೆಯ ಹಗ್ಗ ಹಿಡಿದು ರೇವವ್ವ. ಅವರ ಇಡೀ ಸಂಸಾರ ಆ ಬಡಕಲು ಕುದುರೆಯ ಬೆನ್ನ ಮೇಲೆ ಇರುತ್ತಿತ್ತು. ಬೋಗುಣಿ, ಕಂಬಳಿ, ಬಲೆ, ಗೂಟ, ಮತ್ತು ಎರಡೂ ಬದಿಯ ಚೀಲಗಳಿಂದ ತಲೆ ಹೊರಹಾಕಿ ಅರಚುವ ಎಳೆ ಮರಿಗಳು. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎಂದೇ ಹೆಸರು. ಬೀರಣ್ಣ ಆಗಾಗ ನಿಂತು, ಬ್ಯಾಟರಿಯನ್ನು ಹಿಂದಕ್ಕೆ ತಿರುಗಿಸಿ, ರೇವವ್ವನ ಕಾಲ ಬಳಿ ಬೆಳಕು ಬಿಡುತ್ತಿದ್ದ. ಆಕೆ ಅಲ್ಲಿಂದಲೇ ಕೂಗುತ್ತಿದ್ದಳು.

"ನನ್ನ ಕಾಲ ಏನ್ ನೋಡ್ತಿ? ಕುರಿ ನೋಡು!"

ಇಷ್ಟು ಜೋರಾಗಿ ಬೈಸಿಕೊಂಡ ಮೇಲೆಯೇ ಅವನು ಮುಂದೆ ಹೆಜ್ಜೆ ಇಡುತ್ತಿದ್ದ. ಒಮ್ಮೆ ನಾನು ಹೊಲದ ಬದುವಿನ ಮೇಲೆ ನಿಂತು ಅವರನ್ನು ಕಳಿಸಿಕೊಡುವಾಗ ಇದನ್ನು ನೋಡಿ, "ದಿನಾ ಬೈಸಿಕೊಳ್ಳಾಕ ನಾಚಿಕಿ ಆಗೂದಿಲ್ಲೇನು?" ಎಂದು ಕೇಳಿದ್ದೆ. "ಬೈದಳಂದ್ರ ಹಿಂದ ಅದಾಳಂತ ಗೊತ್ತಾಗತೈತಿ ಅಕ್ಕಾರ," ಎಂದಿದ್ದ. ಹಟಮಾರಿಯ ಬಾಯಿಂದ ಅಂಥ ಮಾತು ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಅದರ ಮುಂದಿನ ವರ್ಷ ದಾರಿಯಲ್ಲಿ ಯಾವುದೋ ಲಾರಿ ಕುರಿಗಳ ಮೇಲೆ ಹರಿದು, ನಿಲ್ಲದೆ ಹೋಯಿತು. ಬೀರಣ್ಣನ ಹಳೆಯ ಬ್ಯಾಟರಿಯ ಹಳದಿ ಬೆಳಕು ಡ್ರೈವರನಿಗೆ ಕಂಡೇ ಇರಲಿಲ್ಲ. ಗಬ್ಬದ ಕುರಿಯೊಂದು ರೇವವ್ವನ ತೊಡೆಯ ಮೇಲೆ ಪ್ರಾಣ ಬಿಟ್ಟಿತು. ಮರುವರ್ಷ ನಮ್ಮ ಹೊಲಕ್ಕೆ ಬಂದಾಗ ಆಕೆ ಗಂಡನ ಮುಂದೆಯೇ ನನಗೆ ಹೇಳಿದಳು.

"ಅಕ್ಕಾರ, ಇವನ್ನ ಸಿಂದಗಿಗೆ ಕರ್ಕೊಂಡು ಹೋಗ್ರಿ. ಒಂದು ಚಲೋ ಬ್ಯಾಟರಿ ಕೊಡಸ್ರಿ. ಈ ಮಿಣುಕು ದೀಪ ಹಿಡ್ಕೊಂಡು ನಾ ಇನ್ನ ರಸ್ತೆ ದಾಟೂದಿಲ್ಲ."

ನನಗೂ ಸ್ಕೂಟರಿನ ಕೆಲಸವಿತ್ತು. ಭಾನುವಾರ ಅವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲು ಬಿಟ್ಟು ಬಾ ಎಂದರೆ ಕೇಳಲಿಲ್ಲ. ಸಿಂದಗಿ ಮುಟ್ಟುವವರೆಗೆ ಎದುರು ಬಂದ ಮೋಟಾರ್ ಸೈಕಲ್ಲಿನವರೆಲ್ಲ ಆ ಕೋಲಿನಿಂದ ತಪ್ಪಿಸಿಕೊಂಡು ನನ್ನನ್ನು ಬೈದರು.

ಬಂದೇನವಾಜನದು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ. ವೈರು, ಬಲ್ಬು, ಪಂಪಿನ ಸಾಮಾನು, ಗೋಡೆ ತುಂಬ ಬ್ಯಾಟರಿಗಳು. ಅವನು ಮಾರುವುದಕ್ಕಿಂತ ಹೆಚ್ಚು ಮಾತಾಡುವ ಮನುಷ್ಯ. ಆದರೆ ಸುಳ್ಳು ಮಾತಾಡುವುದಿಲ್ಲ.

"ದೂರದ್ದು ಬೇಕೊ, ಅಗಲದ್ದು ಬೇಕೊ? ಮೊದಲ ಅದನ್ನ ಹೇಳು," ಎಂದ. "ಹಟ್ಟಿಯೊಳಗ ಮರಿ ಹುಡುಕಾಕ ಅಗಲಂದು ಚಲೋ. ತೋಳ ಬಂತೇನಂತ ನೋಡಾಕ ದೂರದ್ದು. ಪೆಟಗಿ ಮ್ಯಾಲ ಬರದದ್ದು ಯಾವುದೂ ನಂಬಬ್ಯಾಡ, ಸೂರ್ಯನ ಒಳಗ ತುಂಬೇವಿ ಅಂತ ಬರದಿರ್ತಾರ."

ಒಂದೊಂದನ್ನೇ ಇಳಿಸಿ ತೋರಿಸಿದ. ಪ್ಲಾಸ್ಟಿಕ್ಕಿನದು ಹಗುರ, ಆದರೆ ಕಲ್ಲಿನ ಮೇಲೆ ಬಿದ್ದರೆ ಮುಗಿಯಿತು. ತಗಡಿನ ಮೈಯದು ಭಾರ, ಆದರೆ ಬಾಳುತ್ತದೆ. ಮಳೆಗೆ ನೆನೆದರೂ ಕೆಡದಂತೆ ಬಾಯಿಗೆ ರಬ್ಬರ್ ಇರಬೇಕು. ಮಾಳಿಂಗ ಸಂತೆ ಸಾಮಾನು ತರಲು ಇಟ್ಟುಕೊಂಡಿದ್ದ ಮೋಟಾರ್ ಸೈಕಲ್ಲಿಗೆ ವೈರು ಸಿಕ್ಕಿಸಿ ಚಾರ್ಜ್ ಮಾಡುವಂಥದ್ದಾದರೆ ದಾರಿಯಲ್ಲಿ ಊರು ಹುಡುಕಬೇಕಾಗಿಲ್ಲ. ನಾನು ಮುಟ್ಟಿ ನೋಡಿ, ತೂಕ ನೋಡಿ, ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಆರಿಸುತ್ತಿದ್ದೆ. ಬೀರಣ್ಣ ಕೋಲೂರಿಕೊಂಡು ಗೋಡೆ ನೋಡುತ್ತಿದ್ದ.

ಕೊನೆಗೆ ಬಂದೇನವಾಜ ಒಂದು ಗಿಡ್ಡ ಬ್ಯಾಟರಿ ತೆಗೆದ. ಬುಡದಲ್ಲಿ ಅಯಸ್ಕಾಂತ, ಗಾಡಿಯ ಬಾನೆಟ್ಟಿಗೆ ಅಂಟಿಕೊಳ್ಳುತ್ತದೆ. ಬದಿಯಲ್ಲಿ ಕೆಂಪು ದೀಪ, ಗುಂಡಿ ಒತ್ತಿದರೆ ಮಿಣಮಿಣ ಬಡಿದುಕೊಳ್ಳುತ್ತದೆ.

"ರಸ್ತೆ ದಾಟಾಕ ಇದು ಬೇಕು ನೋಡು. ಕುದುರಿ ಕೊರಳಿಗೆ ಕಟ್ಟು. ಡ್ರೈವರಗ ದೂರಿಂದ ಕೆಂಪು ಕಾಣತೈತಿ, ತಾನ ನಿಧಾನ ಮಾಡ್ತಾನ."

ಬೀರಣ್ಣ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ. "ಇದು ಹುಡುಗರು ಆಡೂದು," ಎಂದು ಕೆಳಗಿಟ್ಟ. ಅವನ ಕಣ್ಣು ಮೂಲೆಯಲ್ಲಿದ್ದ ಉದ್ದನೆಯ ಕರಿ ಬ್ಯಾಟರಿಯ ಮೇಲಿತ್ತು. ಅದನ್ನು ಹಿಡಿದು ಅಂಗಡಿಯ ಬಾಗಿಲಿಗೆ ಬಂದು, ರಸ್ತೆಯ ಆಚೆ ಹೋಟೆಲಿನ ನೆರಳಲ್ಲಿ ಕುಳಿತಿದ್ದವನ ಮುಖಕ್ಕೆ ಬಿಟ್ಟ. ಆ ಮನುಷ್ಯ ಕೈ ಅಡ್ಡ ಹಿಡಿದು, ಚಹದ ಕಪ್ಪು ಚೆಲ್ಲಿಕೊಂಡು, ಬಾಯಿಗೆ ಬಂದಂತೆ ಬೈದ. ಬೀರಣ್ಣನಿಗೆ ಇಷ್ಟು ಖುಷಿಯಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಹಗಲಾಗ ಇಷ್ಟು ಹೊಡಿತೈತಿ ಅಂದ್ರ ನಸುಕಿನ್ಯಾಗ ನೋಡ್ರಿ ಇನ್ನ! ಯಾವ ಲಾರಿನೂ ಜಾಗಾ ಬಿಟ್ಟು ಕದಲೂದಿಲ್ಲ."

"ಮಾರಿಗೆ ಹಿಡೀತೀಯೇನು?" ಎಂದು ಬಂದೇನವಾಜ ಕೇಳಿದ.

"ಮತ್ತ? ಗಾಡಿ ನಿಲ್ಲಬೇಕಂದ್ರ ಡ್ರೈವರನ ಮಾರಿಗೆ ಹಿಡೀಬೇಕು. ನಮ್ಮಪ್ಪ ಹಂಗ ಹಿಡೀತಿದ್ದ, ಅವರಪ್ಪ ಕಂದೀಲು ಹಂಗ ಎತ್ತತಿದ್ದ."

ಅದು ಅವರ ರೂಢಿ. ಹಳದಿ ಬೆಳಕಿನ ಸೆಲ್ ಬ್ಯಾಟರಿಯ ಕಾಲಕ್ಕೆ ಅದು ಸರಿಯೂ ಆಗಿತ್ತು. ನೆಲಕ್ಕೆ ಬಿಟ್ಟರೆ ಯಾರಿಗೂ ಕಾಣದಂಥ ಬೆಳಕನ್ನು ಮುಖಕ್ಕೇ ಹಿಡಿಯಬೇಕಿತ್ತು. ಬಂದೇನವಾಜ ಬೇಡವೆಂದ, ನೆಲಕ್ಕೆ ಹಿಡಿ ಎಂದ, ನಾನೂ ದನಿಗೂಡಿಸಿದೆ. ಯಾರ ಮಾತು ಕೇಳುತ್ತಾನೆ ಅವನು? ಕರಿ ಬ್ಯಾಟರಿಯನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡ. ಕೆಂಪು ದೀಪದ ಗಿಡ್ಡ ಬ್ಯಾಟರಿಯನ್ನು ಸಿಟ್ಟಿಗೆ ನಾನೇ ಕೊಂಡು ಸ್ಕೂಟರಿನ ಡಬ್ಬಿಯಲ್ಲಿ ಹಾಕಿಕೊಂಡೆ.

ಆ ಸಂಜೆ ರೇವವ್ವ ಹೊಸ ಬ್ಯಾಟರಿ ಹಚ್ಚಿ ನೋಡಿದಳು. ಹೊಲದಾಚೆಯ ಬೇವಿನ ಮರದ ಎಲೆ ಎಲೆಯೂ ಕಂಡಿತು. "ಇನ್ನ ನನಗ ಹೆದರಿಕಿ ಇಲ್ಲ," ಎಂದು ನಕ್ಕಳು. ಹೋಗುವ ದಿನ ಚೀಲದಿಂದ ಒಂದು ಮರಿಯನ್ನು ಎತ್ತಿ ನನ್ನ ಕೈಗಿಟ್ಟು, ಮುದ್ದಾಡಿಸಿ, ಮತ್ತೆ ಇಸಿದುಕೊಂಡಳು. ಅದೇ ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು.

ಆಮೇಲಿನದನ್ನು ಮಾಳಿಂಗ ಹೇಳಿದ್ದು. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಹೋಗುವ ರಸ್ತೆಯನ್ನು ಅವರು ನಸುಕಿನಲ್ಲಿ ದಾಟುತ್ತಿದ್ದರು. ಅರ್ಧ ಕುರಿಗಳು ಆಚೆ ಹೋಗಿದ್ದವು. ರೇವವ್ವ ಕುದುರೆಯೊಂದಿಗೆ ಈಚೆಯ ಅಂಚಿನಲ್ಲಿ, ಕೊನೆಯ ಕುರಿ ದಾಟಲೆಂದು ಕಾಯುತ್ತ ನಿಂತಿದ್ದಳು. ಬಾಗೇವಾಡಿಯ ಕಡೆಯಿಂದ ಒಂದು ಪಿಕಪ್ ಬಂತು. ಬೀರಣ್ಣ ರಸ್ತೆಯ ನಡುವೆ ನಿಂತು, ಅಪ್ಪ ಕಲಿಸಿದಂತೆ, ಡ್ರೈವರನ ಮುಖಕ್ಕೆ ಬ್ಯಾಟರಿ ಹಿಡಿದ. ಗಾಡಿ ಕಿರುಚಿಕೊಂಡು ಎಡಕ್ಕೆ ಎಳೆಯಿತು. ಎಡಕ್ಕೆ ರೇವವ್ವ ಇದ್ದಳು.

ಒಂದು ಕುರಿಗೂ ಪೆಟ್ಟಾಗಲಿಲ್ಲ. ಕುದುರೆಗೆ ತರಚಿದ ಗಾಯ, ಚೀಲದ ಮರಿಗಳು ಹಾಗೇ ಇದ್ದವು. ಪಿಕಪ್ಪು ಇಂಡಿಯಿಂದ ತುಂಬಿಕೊಂಡು ಬಂದಿದ್ದ ಲಿಂಬೆಹಣ್ಣು ಚೀಲ ಒಡೆದು ರಸ್ತೆ ತುಂಬ ಉರುಳಿತ್ತು, ಕುರಿಗಳು ಅದನ್ನು ಮೂಸುತ್ತ ನಿಂತಿದ್ದವಂತೆ. ಡ್ರೈವರ್ ಓಡಿಹೋಗಲಿಲ್ಲ. ಲಚ್ಯಾಣದವನು, ಪರಶು ಎಂದು ಹೆಸರು, ಇನ್ನೂ ಮದುವೆಯಾಗದ ವಯಸ್ಸು. ಅವನೇ ರೇವವ್ವನನ್ನು ಎತ್ತಿ ಉಳಿದ ಲಿಂಬೆ ಚೀಲಗಳ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ದಾರಿಯಲ್ಲೇ ಆಕೆ ತೀರಿಕೊಂಡಳು.

ಜನ ಪರಶುನನ್ನು ಹೊಡೆದರು. ಹೊಡೆಸಿಕೊಳ್ಳುತ್ತ ಅವನು ಒಂದೇ ಮಾತು ಹೇಳುತ್ತಿದ್ದ, "ಕಣ್ಣಾಗ ಬೆಳಕು ಬಿತ್ರಿ, ಏನೂ ಕಾಣಲಿಲ್ರಿ." ಯಾರೂ ನಂಬಲಿಲ್ಲ. ನಿದ್ದೆ ಹೊಡೆದಿದ್ದಾನೆ ಎಂದರು. ಪೊಲೀಸರು ಕೇಳಿದಾಗ ಬೀರಣ್ಣ ಕಂಡದ್ದನ್ನೇ ಹೇಳಿದ, ನಾನು ಬ್ಯಾಟರಿ ಹಿಡಿದು ನಿಂತಿದ್ದೆ, ಆದರೂ ಗಾಡಿ ನಿಲ್ಲಲಿಲ್ಲ ಎಂದು. ಹರದಾರಿ ದೂರಕ್ಕೆ ಕಾಣುವ ಬೆಳಕು ಹಿಡಿದರೂ ನಿಲ್ಲದವನು ನಿದ್ದೆಯಲ್ಲಿರದೆ ಇನ್ನೇನು? ಆ ಬ್ಯಾಟರಿಯೇ ಪರಶುನ ಮೇಲೆ ಸಾಕ್ಷಿಯಾಯಿತು. ಲೈಸೆನ್ಸು ಹೋಯಿತು, ಕೆಲಸ ಹೋಯಿತು, ಕೆಲವು ದಿನ ಜೈಲೂ ಆಯಿತು. ಕೇಸು ಬಾಗೇವಾಡಿಯ ಕೋರ್ಟಿನಲ್ಲಿ ಎಳೆಯುತ್ತ ಉಳಿಯಿತು.

ಮರುವರ್ಷ ಬೀರಣ್ಣ ನಮ್ಮ ಹೊಲಕ್ಕೆ ಬಂದಾಗ ನನಗೆ ಅವನ ಗುರುತು ಹತ್ತಲಿಲ್ಲ. ಗಡ್ಡ ಬಿಟ್ಟಿದ್ದ. ಹಟ ಮಾಡುವುದನ್ನು ಬಿಟ್ಟಿದ್ದ, ಅದನ್ನು ನೋಡಿಯೇ ನನಗೆ ಹೆಚ್ಚು ಸಂಕಟವಾಯಿತು. ಇಲ್ಲಿ ಕುರಿ ನಿಲ್ಲಿಸು ಎಂದರೆ ಇಲ್ಲಿ, ಅಲ್ಲಿ ಎಂದರೆ ಅಲ್ಲಿ. ಕರಿ ಬ್ಯಾಟರಿಯನ್ನು ಮಾತ್ರ ರೇವವ್ವನ ಸೀರೆಯಲ್ಲಿ ಸುತ್ತಿ ದಿನಾ ಒರೆಸಿಡುತ್ತಿದ್ದ. ತನ್ನ ಕೈಯಲ್ಲಾದದ್ದನ್ನೆಲ್ಲ ಮಾಡಿದ್ದೆ ಎಂಬ ಒಂದೇ ಸಮಾಧಾನ ಅವನಿಗೆ ಉಳಿದಿತ್ತು. ಆ ಸಮಾಧಾನ ಆ ಬ್ಯಾಟರಿಯಲ್ಲೇ ಇತ್ತು.

ಒಂದು ಮಧ್ಯಾಹ್ನ ನಾನು ಹೊಲದಲ್ಲಿದ್ದಾಗ ಒಬ್ಬ ಹೆಂಗಸು ಬಸ್ಸಿಳಿದು ಕೇಳಿಕೊಂಡು ಬಂದಳು. ಪರಶುನ ತಾಯಿ ಹುಲಿಗೆವ್ವ. ಮಾಳಿಂಗ ಹೆಸರು ಕೇಳಿದವನೇ ಕೋಲೆತ್ತಿಕೊಂಡು ಎದ್ದ. ಆಕೆ ಹೆದರಲಿಲ್ಲ, ಕಾಲಿಗೂ ಬೀಳಲಿಲ್ಲ. ಬೀರಣ್ಣನ ಎದುರು ಕುಳಿತಳು.

"ನಿನ್ನ ದುಃಖ ನನಗ ತಿಳಿತೈತಿ ಯಪ್ಪಾ. ಬಿಟ್ಟು ಬಿಡು ಅನ್ನಾಕ ಬಂದಿಲ್ಲ. ನನ್ನ ಮಗ ಮಲಗಿರಲಿಲ್ಲ, ಅದನ್ನ ಹೇಳಾಕ ಬಂದೇನಿ. ಹಾದ್ಯಾಗ ಗಾಡಿ ನಿಲ್ಲಿಸಿದಲ್ಲೆಲ್ಲ ನನಗ ಫೋನ್ ಮಾಡ್ಯಾನ, ಬಾಗೇವಾಡ್ಯಾಗ ಚಾ ಕುಡಿದೇನಿ ಅಂತ ಹೇಳ್ಯಾನ. ಕಣ್ಣಾಗ ಬೆಳಕು ಬಿತ್ತು ಅಂತಾನ. ಈಗೂ ನಿದ್ದಿಯೊಳಗ ಕಣ್ಣಿಗೆ ಕೈ ಅಡ್ಡ ಹಿಡಿತಾನ." ಆಮೇಲೆ ಕೇಳಿದಳು, "ಆ ಬೆಳಕನ್ನ ನೀ ಎದುರಿಗಿ ನಿಂತು ಒಂದ ಸಲನಾದರೂ ನೋಡೀಯೇನು?"

ಬೀರಣ್ಣ ಎದ್ದು ಒಲೆ ಹೊತ್ತಿಸಿದ. ಕುರಿ ಹಾಲು ಕಾಸಿ ಆಕೆಗೆ ಚಹ ಕೊಟ್ಟ. ಆಕೆ ಕುಡಿದು, ಬಂದ ದಾರಿಯಲ್ಲೇ ಹೋದಳು.

ಸಂಜೆ ಕುರಿಗಳು ಹಟ್ಟಿ ಸೇರಿ, ಬೆಳಕು ಇಳಿಯುತ್ತಿದ್ದಾಗ ಅವನು ಸೀರೆ ಬಿಚ್ಚಿ ಬ್ಯಾಟರಿ ತಂದು ನನ್ನ ಕೈಗೆ ಕೊಟ್ಟ.

"ಅಕ್ಕಾರ, ಹಾದಿಯೊಳಗ ನಿಂತು ನನ್ನ ಮಾರಿಗೆ ಹಿಡೀರಿ. ಮಾಳಿಂಗಾ, ನೀ ಕುದುರಿನ್ನ ಎಲ್ಲೆರ ಒಂದು ಕಡೆ ನಿಲ್ಲಸು. ಎಲ್ಲಿ ಅಂತ ಹೇಳಬ್ಯಾಡ."

"ಬ್ಯಾಡ ಬೀರಣ್ಣ," ಎಂದೆ. ಅವನು ಏನು ನೋಡಲು ಹೊರಟಿದ್ದಾನೆಂದು ನನಗೆ ತಿಳಿದಿತ್ತು.

"ಹಿಡೀರಿ."

ಹಳೆಯ ಹಟ ಅಷ್ಟು ದಿನಗಳ ಮೇಲೆ ಒಮ್ಮೆಲೆ ಅವನ ದನಿಯಲ್ಲಿ ಬಂದಿತ್ತು. ಅವನು ಬಂಡಿದಾರಿಯ ಆ ತುದಿಗೆ ಹೋಗಿ ತಿರುಗಿ ನಿಂತ. ನಾನು ಗುಂಡಿ ಒತ್ತಿದೆ. ಬಿಳಿ ಬೆಳಕು ನೇರವಾಗಿ ಅವನ ಮುಖಕ್ಕೆ ಬಿತ್ತು. ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಆದರೂ ಕೈ ಅಡ್ಡ ಹಿಡಿಯದೆ ನಡೆದು ಬಂದ. ಮಾಳಿಂಗ ಕುದುರೆಯನ್ನು ದಾರಿಯ ಎಡ ಅಂಚಿಗೆ ನಿಲ್ಲಿಸಿದ್ದ. ಬೆಳಕಿನಿಂದ ತಪ್ಪಿಸಿಕೊಳ್ಳಲು ಬೀರಣ್ಣನ ಕಾಲುಗಳು ತಾವಾಗಿಯೇ ಎಡಕ್ಕೆ ಎಳೆದವು. ನೇರ ಹೋಗಿ ಕುದುರೆಯ ಕೊರಳಿಗೆ ಎದೆ ಬಡಿಸಿಕೊಂಡ.

ನಾನು ಬ್ಯಾಟರಿ ಆರಿಸಿದೆ. ಅವನು ಕುದುರೆಯ ಕೊರಳನ್ನು ತಬ್ಬಿಕೊಂಡು ನಿಂತೇ ಇದ್ದ. "ಕುದುರಿ ಸೈತ ಕಾಣಲಿಲ್ಲ ಅಕ್ಕಾರ," ಎಂದ. "ಕುದುರಿ ಸೈತ ಕಾಣಲಿಲ್ಲ. ಆಕಿ ಎಷ್ಟರಾಕಿ?" ರೇವವ್ವ ಸಣ್ಣ ಮೈಯವಳು. ನಾನು ಅಲ್ಲೇ ದಾರಿಯಲ್ಲಿ ಕುಳಿತು ಅತ್ತೆ.

ಸಾಕ್ಷಿ ಹೇಳಲು ಕೋರ್ಟಿನಿಂದ ಕರೆ ಬಂದದ್ದು ಅದರಾಚೆಯ ಚಳಿಗಾಲಕ್ಕೆ. ಇದ್ದದ್ದನ್ನೇ ಹೇಳುತ್ತೇನೆಂದ ಅಣ್ಣನೊಡನೆ ಮಾಳಿಂಗ ಜಗಳವಾಡಿದ. "ಹೆಂಡತಿನ್ನ ತಾನ ಕೊಂದ ಅಂತಾರ ಮಂದಿ. ತಲಿ ಎತ್ತಿ ಕುರಿ ಹೊಡಕೊಂಡು ಹೋಗಾಕ ಆಗೂದಿಲ್ಲ. ಮೊದಲ ಹೇಳಿದ್ದನ್ನ ಹೇಳಿ ಬಾ," ಎಂದ. ನಿಜ ಹೇಳಬೇಕೆಂದರೆ ನನಗೂ ಬೀರಣ್ಣನ ಮೇಲೆ ಸಿಟ್ಟಿತ್ತು. ಇಷ್ಟು ನೊಂದವನು ಇನ್ನೂ ಯಾಕೆ ನೋಯಬೇಕು? ಆದರೆ ಹುಲಿಗೆವ್ವ ಹಾಲಿನ ಚಹ ಕುಡಿದು ಎದ್ದುಹೋದ ರೀತಿ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅವನೊಡನೆ ನಾನೂ ಬಾಗೇವಾಡಿಗೆ ಹೋದೆ. ಸೀರೆಯಲ್ಲಿ ಸುತ್ತಿದ ಬ್ಯಾಟರಿ ಅವನ ಕಂಕುಳಲ್ಲಿತ್ತು. ಪರಶು ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಸರ್ಕಾರಿ ವಕೀಲರು ಹಿಂದಿನ ಹೇಳಿಕೆಯನ್ನು ಓದಿ, ನೀವು ಬೆಳಕು ಹಿಡಿದಿದ್ದಿರಿ ಅಲ್ಲವೇ, ಅದು ಡ್ರೈವರನಿಗೆ ಕಂಡಿರಲೇಬೇಕಲ್ಲವೇ ಎಂದು ಕೇಳಿದರು.

"ಕಂಡಿತ್ರಿ," ಎಂದ ಬೀರಣ್ಣ. "ಬರೇ ಬೆಳಕ ಕಂಡಿತ್ತು. ಆಕಿ ಕಾಣಲಿಲ್ಲ."

ವಕೀಲರು ಮತ್ತೆ ಕೇಳಿದರು. ಅವನು ಮೊದಲಿನಿಂದ ಹೇಳಿದ. ಮಾರಿಗೆ ಹಿಡಿದದ್ದು, ಅಂಗಡಿಯವನು ಬೇಡವೆಂದದ್ದು, ತಾನು ಕೇಳದ್ದು, ಬಂಡಿದಾರಿಯಲ್ಲಿ ಕುದುರೆಗೆ ಹಾಯ್ದದ್ದು. "ಹುಡುಗ ಮಲಗಿರಲಿಲ್ರಿ. ನಾನ ಅವನ ಕಣ್ಣ ಕುರುಡ ಮಾಡಿದೆ," ಎಂದು ಬ್ಯಾಟರಿಯನ್ನು ಕಟಕಟೆಯ ಅಂಚಿನ ಮೇಲಿಟ್ಟ. ಪರಶು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅಳತೊಡಗಿದ, ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಕೆಲವು ತಿಂಗಳ ಮೇಲೆ ಕೋರ್ಟು ಅವನನ್ನು ಬಿಟ್ಟಿತು. ಬೀರಣ್ಣ ಸೀರೆಯನ್ನಷ್ಟೇ ಮಡಚಿ ತಂದ, ಬ್ಯಾಟರಿಯನ್ನು ಮತ್ತೆ ಕೇಳಲಿಲ್ಲ.

ಮಾಳಿಂಗ ಹೇಳಿದಂತೆಯೇ ಆಯಿತು. ಮಂದಿ ಅಂದರು. ಕುರಿಗಾರರಲ್ಲೇ ಕೆಲವರು ಅವನೊಡನೆ ಮಾತು ಬಿಟ್ಟರು. ರೇವವ್ವನ ತವರಿನವರು ಬಾಗಿಲಿಗೆ ಬರಬೇಡ ಎಂದರು. ಅವನು ಯಾರಿಗೂ ಎದುರಾಡಲಿಲ್ಲ.

ಈ ವರ್ಷ ದೀಪಾವಳಿ ಕಳೆದು ಅವರು ಹೊರಟಾಗ ನಾನು ಬದುವಿಗೆ ಹೋದೆ. ಸ್ಕೂಟರಿನ ಡಬ್ಬಿಯಲ್ಲಿದ್ದ ಕೆಂಪು ದೀಪದ ಗಿಡ್ಡ ಬ್ಯಾಟರಿಯನ್ನು ಒಯ್ದಿದ್ದೆ. ಬೀರಣ್ಣ ಅದನ್ನು ಇಸಿದುಕೊಂಡು ಕುದುರೆಯ ಕೊರಳಿಗೆ ಕಟ್ಟಿದ. ಈಗ ಮುಂದೆ ಹೋಗುವವನು ಮಾಳಿಂಗ, ಬೆಳಕನ್ನು ನೆಲಕ್ಕೆ ಹಿಡಿದು. ಹಿಂದೆ, ಕುದುರೆಯ ಹಗ್ಗ ಹಿಡಿದು, ರೇವವ್ವ ನಡೆಯುತ್ತಿದ್ದ ಜಾಗದಲ್ಲಿ ಬೀರಣ್ಣ.

ಕುರಿಗಳು ಹೊಲ ಬಿಟ್ಟು ದಾರಿಗಿಳಿದವು. ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಸ್ವಲ್ಪ ದೂರ ಹೋದ ಮಾಳಿಂಗ ಅಣ್ಣನ ಮೇಲಿನ ಕಾಳಜಿಗೆ ನಿಂತು, ಬ್ಯಾಟರಿಯನ್ನು ಹಿಂದಕ್ಕೆ ತಿರುಗಿಸಿದ. ಬೆಳಕು ಬಂದು ಬೀರಣ್ಣನ ಕಾಲ ಬಳಿ ಬಿತ್ತು.

"ನನ್ನ ಕಾಲ ಏನ್ ನೋಡ್ತಿ?" ಬೀರಣ್ಣ ಗದರಿದ. "ಕುರಿ ನೋಡು!"

ಕೂಗಿದವನು ಅಲ್ಲೇ ನಿಂತುಬಿಟ್ಟ. ಹಗ್ಗ ಕೈಯಿಂದ ಜಾರಿತು. ಕುದುರೆ ತನ್ನಷ್ಟಕ್ಕೆ ಕುರಿಗಳ ಹಿಂದೆ ನಡೆಯಿತು, ಅದರ ಕೊರಳ ಕೆಂಪು ದೀಪ ಬಡಿದುಕೊಳ್ಳುತ್ತ ಸಣ್ಣದಾಗುತ್ತ ಹೋಯಿತು. ನಾನು ಬದು ಇಳಿದು ಅವನ ಪಕ್ಕಕ್ಕೆ ಹೋಗಿ ನಿಂತೆ. ಅವನು ಅಳು ಮುಗಿಸಿ ಹೆಜ್ಜೆ ಎತ್ತುವವರೆಗೆ ಅಲ್ಲೇ ಇದ್ದೆ.